ಬಾಯಲ್ಲಿ ಉಣ್ಣುವ ಕೋವಿ

ಕೊಡಗಿನಲ್ಲಾಗಲಿ, ಮಲೆನಾಡಿನಲ್ಲಾಗಲಿ, ಘಟ್ಟದ ಕೆಳಗಿನ ಅಡಕೆಯ ಸೀಮೆಯಲ್ಲಾಗಲಿ ಹಳೆಯ ಮನೆಯೊಂದು ಪಾಲಾಗುವಾಗ ಪಾತ್ರೆಪಡಗ, ಚಿನ್ನಬೆಳ್ಳಿ, ಗದ್ದೆತೋಟಗಳ ಲೆಕ್ಕವೆಲ್ಲ ಮುಗಿದ ಮೇಲೆ ಕಡೆಗೆ ಉಳಿಯುವ ವಸ್ತು ಒಂದುಂಟು. ಗೋಡೆಯ ಗೂಟಗಳ ಮೇಲೆ ಮಲಗಿಯೋ, ಅಟ್ಟದ ಮೂಲೆಯಲ್ಲಿ ಗೋಣಿಯನ್ನು ಹೊದೆದುಕೊಂಡೋ ಅದು ಇರುತ್ತದೆ. ಎದೆಮಟ್ಟಕ್ಕೆ ಬರುವ ಉದ್ದ, ಕಬ್ಬಿಣದ ನಳಿಗೆ, ಮೂರು ತಲೆಮಾರಿನ ಕೈ ಸೋಕಿ ನುಣುಪಾದ ಮರದ ಹಿಡಿ, ನಳಿಗೆಯ ಅಡಿಯಲ್ಲಿ ಸಿಕ್ಕಿಸಿದ ಗಜ. ಅಜ್ಜನ ಕಾಲದ ಕೇಪಿನ ಕೋವಿ ಅದು. ಪಟ್ಟಣದಲ್ಲಿ ನೌಕರಿಯಲ್ಲಿರುವ ಮಕ್ಕಳು ಅದನ್ನೊಮ್ಮೆ ನೋಡುತ್ತಾರೆ. ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡುತ್ತಾರೆ. ಇಟ್ಟುಕೊಳ್ಳುವುದೆ, ಮಾರುವುದೆ, ಠಾಣೆಗೆ ಒಪ್ಪಿಸುವುದೆ, ಗುಜರಿಗೆ ಹಾಕುವುದೆ?

ಈ ಪ್ರಶ್ನೆ ಮೇಲುನೋಟಕ್ಕೆ ಸಣ್ಣದು. ಆದರೆ ಉತ್ತರ ಹೇಳಹೊರಟರೆ ಅದರ ಹಿಂದೆ ಇನ್ನೂರು ವರ್ಷಗಳ ಚರಿತ್ರೆಯೂ, ಒಂದು ಜನಾಂಗದ ಹುಟ್ಟುಸಾವಿನ ಆಚರಣೆಯೂ, ರೈತನ ರಾತ್ರಿಯ ನಿದ್ದೆಯೂ, ಸರ್ಕಾರದ ಕಾಯಿದೆಯೂ ಸಾಲಾಗಿ ಬಂದು ನಿಲ್ಲುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ, ಈ ಕೋವಿ ಸುಮ್ಮನೆ ಇಟ್ಟರೆ ಇರುವ ವಸ್ತುವಲ್ಲ. ನೋಡಿಕೊಳ್ಳುವ ಕೈಯೊಂದು ಇದ್ದರೆ ಅದು ನೂರೈವತ್ತು ವರ್ಷ ಬಾಳುತ್ತದೆ. ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಸಾಯತೊಡಗುತ್ತದೆ. ಆದ್ದರಿಂದ ಇದನ್ನು ಆಸ್ತಿ ಎನ್ನುವುದಕ್ಕಿಂತ ಹೊಣೆ ಎನ್ನುವುದೇ ಸರಿ.

ಹೆಸರುಗಳ ಹಿಂದೆ

ಮೊದಲು ಹೆಸರನ್ನೇ ನೋಡೋಣ. ‘ಬಂದೂಕು’ ನಮಗೆ ಅರಬ್ಬಿ ಮೂಲದಿಂದ ಬಂದ ಮಾತು; ‘ತುಪಾಕಿ’ ತುರ್ಕಿಯಿಂದ ಬಂದದ್ದು. ಆದರೆ ‘ಕೋವಿ’ ನಮ್ಮದೇ ಶಬ್ದ. ಒಳಗೆ ಟೊಳ್ಳಾದ ಕೊಳವೆ ಎಂಬುದೇ ಅದರ ಅರ್ಥ. ಹೊರಗಿನಿಂದ ಬಂದ ಆಯುಧವನ್ನು ಕಂಡ ಕನ್ನಡಿಗನು ಅದರ ಆಕಾರವನ್ನು ನೋಡಿ ತನ್ನ ಮನೆಯ ಮಾತನ್ನೇ ಅದಕ್ಕೆ ಇಟ್ಟನು. ತುಳುವರು ಅದನ್ನು ‘ಬೆಡಿ’ ಎಂದರು. ಕೊಡವರು ‘ತೋಕ್’ ಎಂದರು. ಅದರೊಳಗೆ ತುಂಬುವ ಕರಿಯ ಪುಡಿಗೆ ನಾವು ‘ಮದ್ದು’ ಎಂದೆವು. ರೋಗಿಯ ಬಾಯಿಗೆ ಹಾಕುವುದೂ ಮದ್ದು, ಕೋವಿಯ ಬಾಯಿಗೆ ಹಾಕುವುದೂ ಮದ್ದು. ಎರಡನ್ನೂ ಅಳತೆ ತಪ್ಪದೆ ಹಾಕಬೇಕೆಂಬ ವಿವೇಕ ಆ ಒಂದು ಮಾತಿನಲ್ಲಿಯೇ ಅಡಗಿದೆಯೆನ್ನಬಹುದು.

ಇಂದಿನ ಕೋವಿಗಳು ಹಿಂದಿನಿಂದ ಉಣ್ಣುತ್ತವೆ. ನಳಿಗೆಯನ್ನು ಮುರಿದಂತೆ ಬಾಗಿಸಿ, ಬುಡದಲ್ಲಿ ತೋಟಾ ಇಟ್ಟು ಮುಚ್ಚಿದರೆ ಮುಗಿಯಿತು. ಅದಕ್ಕಾಗಿಯೇ ಅವುಗಳಿಗೆ ತೋಟಾ ಕೋವಿ ಎಂದು ಹೆಸರು. ಕೇಪಿನ ಕೋವಿ ಹಾಗಲ್ಲ. ಅದು ಬಾಯಲ್ಲಿಯೇ ಉಣ್ಣಬೇಕು. ಕೋವಿಯನ್ನು ನೆಟ್ಟಗೆ ನಿಲ್ಲಿಸಿ ಬಾಯಿಂದ ಮದ್ದನ್ನು ಸುರಿಯಬೇಕು. ಅದರ ಮೇಲೆ ನಾರನ್ನೋ ಬಟ್ಟೆಯ ಚಿಂದಿಯನ್ನೋ ಇಟ್ಟು ಗಜದಿಂದ ಗಿಡಿಯಬೇಕು. ಆಮೇಲೆ ಗುಂಡು ಅಥವಾ ಚರೆ. ಅದು ಉರುಳಿ ಬೀಳದಂತೆ ಇನ್ನೊಂದು ಸುತ್ತು ಚಿಂದಿ. ಕಡೆಗೆ, ನಳಿಗೆಯ ಬುಡದಲ್ಲಿರುವ ಸಣ್ಣ ತೂತಿನ ನಿಪ್ಪಲ್ಲಿನ ಮೇಲೆ ತಾಮ್ರದ ಟೊಪ್ಪಿಗೆಯಂಥ ಕೇಪನ್ನು ಕೂರಿಸಬೇಕು. ಕುದುರೆ ಬಂದು ಕೇಪಿನ ಮೇಲೆ ಬಡಿದಾಗ ಕಿಡಿ ಆ ತೂತಿನ ಮೂಲಕ ಒಳಗೆ ಹಾರಿ ಮದ್ದಿಗೆ ಮುಟ್ಟುತ್ತದೆ. ಇಷ್ಟೆಲ್ಲ ಆಗುವುದು ಒಂದೇ ಒಂದು ಈಡಿಗಾಗಿ. ಚೆನ್ನಾಗಿ ಪಳಗಿದ ಸಿಪಾಯಿಯೂ ನಿಮಿಷಕ್ಕೆ ಮೂರು ಈಡಿಗಿಂತ ಹೆಚ್ಚು ಹೊಡೆಯುವುದು ಕಷ್ಟವಾಗಿತ್ತು.

ಹಕ್ಕಿ ಹಾರಿಸಿದ ಪಾದ್ರಿ

ಈ ಕೇಪು ಬಂದ ಬಗೆ ಸ್ವಾರಸ್ಯವಾದುದು. ಅದಕ್ಕೆ ಮೊದಲು ಉರಿಯುವ ಬತ್ತಿಯಿಂದ ಮದ್ದಿಗೆ ಬೆಂಕಿ ತಾಗಿಸುವ ಕೋವಿಗಳಿದ್ದವು. ಆಮೇಲೆ ಚಕಮಕಿ ಕಲ್ಲಿನ ಕೋವಿಗಳು ಬಂದವು. ಚಕಮಕಿಯ ಕೋವಿಯಲ್ಲಿ ಹೊರಗಿನ ಬಟ್ಟಲಲ್ಲಿ ರಂಜಕದ ಪುಡಿ ಇರುತ್ತಿತ್ತು. ಕಲ್ಲು ಉಕ್ಕಿಗೆ ಬಡಿದು ಕಿಡಿ ಬಿದ್ದು, ರಂಜಕ ಭುಗಿಲೆಂದು ಹೊತ್ತಿ, ಆ ಬೆಂಕಿ ಒಳಗೆ ಹೋಗುವಷ್ಟರಲ್ಲಿ ಒಂದು ಕ್ಷಣ ಕಳೆಯುತ್ತಿತ್ತು. ಮಳೆ ಬಂದರೆ ರಂಜಕ ನೆನೆದು ಕೋವಿ ಮೂಕವಾಗುತ್ತಿತ್ತು.

ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಊರಿನಲ್ಲಿ ಅಲೆಗ್ಸಾಂಡರ್ ಫೋರ್ಸೈತ್ ಎಂಬ ಪಾದ್ರಿಯಿದ್ದನು. ಆತನಿಗೆ ಹಕ್ಕಿಯ ಬೇಟೆಯ ಹುಚ್ಚು. ರಂಜಕದ ಬೆಳಕನ್ನು ಕಂಡೊಡನೆ ಹಕ್ಕಿಗಳು ಗುಂಡು ಬರುವ ಮೊದಲೇ ಹಾರಿಹೋಗುವುದನ್ನು ನೋಡಿ ನೋಡಿ ಬೇಸತ್ತ ಆತ, ಪೆಟ್ಟು ಬಿದ್ದರೆ ತಾನಾಗಿ ಸಿಡಿಯುವ ರಸಾಯನವನ್ನೇ ರಂಜಕದ ಬದಲು ಬಳಸುವ ಉಪಾಯವನ್ನು ಕಂಡುಹಿಡಿದು ೧೮೦೭ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಆ ರಸಾಯನವನ್ನು ಪುಟ್ಟ ತಾಮ್ರದ ಟೊಪ್ಪಿಗೆಯೊಳಗೆ ಅಂಟಿಸಿದ ಕೇಪು ೧೮೨೦ರ ದಶಕದಲ್ಲಿ ಬಳಕೆಗೆ ಬಂದಿತು. ಆಗುಂಬೆಯಂಥ ಮಳೆಯ ಸೀಮೆಯಲ್ಲಿ ಕೋವಿಯೊಂದು ನಂಬಿಕೆಗೆ ಅರ್ಹವಾಗಬೇಕಾದರೆ ಕೇಪು ಬರಬೇಕಾಗಿತ್ತು. ಮಲೆನಾಡಿನವರು ಕೋವಿಗೇ ಕೇಪಿನ ಹೆಸರನ್ನು ಇಟ್ಟದ್ದು ಉಚಿತವೇ ಸರಿ.

ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ನಮ್ಮ ಮನೆಗಳಲ್ಲಿರುವ ಕೇಪಿನ ಕೋವಿಗಳಲ್ಲಿ ಬಹುಪಾಲು ರೈಫಲುಗಳಲ್ಲ. ನಳಿಗೆಯ ಒಳಮೈಯಲ್ಲಿ ಸುರುಳಿ ಸುರುಳಿಯಾಗಿ ಗೆರೆ ಕೊರೆದಿದ್ದರೆ ಅದು ರೈಫಲು. ಆ ಗೆರೆಗಳಿಂದ ಗುಂಡು ಬುಗುರಿಯಂತೆ ತಿರುಗುತ್ತ ಹೊರಟು ಗುರಿ ತಪ್ಪದೆ ದೂರ ಹೋಗುತ್ತದೆ. ಒಳಮೈ ನುಣುಪಾಗಿದ್ದರೆ ಅದು ಸಾದಾ ಕೋವಿ. ಚರೆ ಹೊಡೆಯಲು ತಕ್ಕುದು, ಹತ್ತಿರದ ಗುರಿಗೆ ಸಾಕು. ದೊಡ್ಡ ಬೇಟೆಯ ದೊರೆಗಳು ಮಾತ್ರ ರೈಫಲುಗಳನ್ನು ಮಾಡಿಸಿಕೊಳ್ಳುತ್ತಿದ್ದರು. ಸಿಂಹಳದಲ್ಲಿ ಆನೆಯ ಬೇಟೆಯಾಡಿದ ಸಾಮ್ಯುಯಲ್ ಬೇಕರನು ೧೮೪೦ರಲ್ಲಿ ಬ್ರಿಸ್ಟಲ್ ನಗರದ ಗಿಬ್ಸ್ ಎಂಬ ಕೋವಿಗಾರನಿಂದ ಮಾಡಿಸಿದ ರೈಫಲಿನ ತೂಕ ೨೧ ಪೌಂಡು. ಅದೂ ಬಾಯಿಂದಲೇ ತುಂಬುವ ಕೋವಿ.

ಹಲಗಲಿ ಮತ್ತು ಕೊಡಗು

ಬಾಯಿಂದ ತುಂಬುವ ಈ ಪದ್ಧತಿಯೇ ಒಮ್ಮೆ ನಮ್ಮ ದೇಶದ ಚರಿತ್ರೆಯನ್ನು ಅಲುಗಿಸಿತು. ರೈಫಲಿನ ಗೆರೆಗಳಿಗೆ ಗುಂಡು ಬಿಗಿಯಾಗಿ ಕೂರಬೇಕು. ಆದರೆ ಬಾಯಿಂದ ಬುಡದವರೆಗೆ ಅದು ಸಲೀಸಾಗಿ ಇಳಿಯಲೂಬೇಕು. ಇದಕ್ಕಾಗಿ ಎನ್‌ಫೀಲ್ಡ್ ರೈಫಲಿನ ತೋಟಾ ಕಾಗದಕ್ಕೆ ಜಿಡ್ಡು ಸವರುತ್ತಿದ್ದರು. ೧೮೫೩ರಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಆ ರೈಫಲು ಭಾರತಕ್ಕೆ ಬಂದಾಗ, ಆ ಕಾಗದವನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ಸುರಿಯಬೇಕೆಂದು ಸಿಪಾಯಿಗಳಿಗೆ ಕಲಿಸಿದರು. ಜಿಡ್ಡು ಹಸುವಿನದು, ಹಂದಿಯದು ಎಂಬ ಸುದ್ದಿ ೧೮೫೭ರ ಜನವರಿಯಲ್ಲಿ ಹಬ್ಬಿತು. ಮುಂದಿನದು ಎಲ್ಲರೂ ಬಲ್ಲ ಕಥೆ. ದಂಗೆ ಅಡಗಿದ ಮೇಲೆ ಭಾರತೀಯ ಸಿಪಾಯಿಗಳಿಗೆ ಸುರುಳಿಗೆರೆಯಿಲ್ಲದ, ನುಣುಪು ನಳಿಗೆಯ ಕೋವಿಗಳನ್ನು ಕೊಡುವ ಎಚ್ಚರಿಕೆಯನ್ನು ಆಂಗ್ಲರು ವಹಿಸಿದರು. ಗುರಿ ತಪ್ಪದ ಕೋವಿ ಕೈಗೆ ಸಿಕ್ಕರೆ ಏನಾದೀತೆಂಬ ಅಂಜಿಕೆ ಅವರಿಗಿತ್ತು.

ಅದೇ ಅಂಜಿಕೆಯಿಂದ ೧೮೫೭ರಲ್ಲಿಯೇ ಜನರ ಕೈಯ ಆಯುಧಗಳನ್ನು ಕಸಿಯುವ ಕಾಯಿದೆ ಬಂದಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರಿಗೆ ಬೇಟೆಯೇ ಬದುಕು. ಆಯುಧ ಕೊಡುವುದೆಂದರೆ ಅನ್ನವನ್ನೇ ಕೊಟ್ಟಂತೆ. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಆಂಗ್ಲರ ದಂಡು ಹಲಗಲಿಯ ಮೇಲೆ ಬಿದ್ದು ಊರನ್ನು ಸುಟ್ಟಿತು, ಹಲವರನ್ನು ಗಲ್ಲಿಗೇರಿಸಿತು. ಅವರ ಕಥೆಯನ್ನು ಜನ ಲಾವಣಿ ಕಟ್ಟಿ ಹಾಡಿದರು. ಮುಂದೆ ಕನ್ನಡದ ಶಾಸನಗಳನ್ನು ಸಂಪಾದಿಸಿ ಹೆಸರಾದ ಫ್ಲೀಟನು ಆ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದನು. ದಂಡೆತ್ತಿ ಬಂದವರ ಕಡೆಯ ಅಧಿಕಾರಿಯೊಬ್ಬನ ಕೈಯಿಂದಲೇ ಆ ಹಾಡು ಉಳಿದು ನಮ್ಮ ಶಾಲೆಯ ಪುಸ್ತಕಗಳಿಗೆ ಬಂದದ್ದು ಕಾಲದ ಒಂದು ವಿಚಿತ್ರ.

ಹಲಗಲಿಯಲ್ಲಿ ಆಯುಧ ಕಸಿದ ಸರ್ಕಾರವೇ ನಾಲ್ಕು ವರ್ಷ ಕಳೆಯುವುದರೊಳಗೆ ಕೊಡಗಿನಲ್ಲಿ ಬೇರೆ ದಾರಿ ಹಿಡಿಯಿತು. ೧೮೩೪ರಲ್ಲಿ ಚಿಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಪಡಿಸಿಕೊಂಡಿದ್ದ ಆಂಗ್ಲರು ಅಲ್ಲಿಯ ಕೊಡವರ ಶೌರ್ಯವನ್ನೂ ತಮ್ಮ ಮೇಲಣ ನಿಷ್ಠೆಯನ್ನೂ ಮೆಚ್ಚಿದ್ದರು. ಮೈಸೂರು ಮತ್ತು ಕೊಡಗಿನ ಚೀಫ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ೧೮೬೧ರ ಫೆಬ್ರವರಿಯಲ್ಲಿ, ಆಯುಧ ಕಸಿಯುವ ಕಾಯಿದೆ ಕೊಡವರಿಗೆ ತಗುಲದೆಂದು ಘೋಷಣೆ ಹೊರಡಿಸಿದನು. ಒಂದು ಕಡೆ ಕೋವಿಗಾಗಿ ಊರು ಸುಟ್ಟಿತು. ಇನ್ನೊಂದು ಕಡೆ ಕೋವಿ ಗೌರವದ ಗುರುತಾಗಿ ಉಳಿಯಿತು. ಎರಡು ಕಡೆಯೂ ವಸ್ತು ಅದೇ. ಸರ್ಕಾರದ ಕಣ್ಣು ಮಾತ್ರ ಬೇರೆ.

ಕಬ್ಬನ್ನನ ವಿನಾಯಿತಿ ಬೇರೆ ಬೇರೆ ರೂಪಗಳಲ್ಲಿ ಇಂದಿಗೂ ನಡೆದುಬಂದಿದೆ. ಸ್ವತಂತ್ರ ಭಾರತದ ೧೯೫೯ರ ಆಯುಧ ಕಾಯಿದೆಯೂ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರವನ್ನು ಇರಿಸಿತು. ಹುಟ್ಟಿನಿಂದ ಕೊಡವರಾದವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ಈ ವಿನಾಯಿತಿಯನ್ನು ಕೇಂದ್ರ ಸರ್ಕಾರ ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳಿಗೆ, ಎಂದರೆ ೨೦೨೯ರ ಅಕ್ಟೋಬರಿನವರೆಗೆ, ವಿಸ್ತರಿಸಿತು. ಇದು ಸಮಾನತೆಗೆ ವಿರುದ್ಧವೆಂಬ ವಾದವನ್ನು ಕರ್ನಾಟಕದ ಉಚ್ಚ ನ್ಯಾಯಾಲಯ ೨೦೨೧ರಲ್ಲಿ ಒಪ್ಪಲಿಲ್ಲ. ವಿನಾಯಿತಿಯೆಂದರೆ ಲೆಕ್ಕವಿಲ್ಲದ ಸ್ವಾತಂತ್ರ್ಯವೆಂದು ಭಾವಿಸಬಾರದು. ಅದಕ್ಕೆ ಷರತ್ತುಗಳುಂಟು, ಅಧಿಕಾರಿಗಳ ದಾಖಲೆ ಉಂಟು.

ಹುಟ್ಟಿಗೊಂದು, ಸಾವಿಗೆರಡು

ಕೊಡವರ ಮನೆಯಲ್ಲಿ ಕೋವಿಗೆ ಇರುವ ಸ್ಥಾನ ಬೇರೆಲ್ಲಿಯೂ ಕಾಣದಂಥದು. ಗಂಡುಮಗು ಹುಟ್ಟಿದಾಗ ಸಂಪ್ರದಾಯದಂತೆ ಒಂದು ಈಡು ಹಾರಿಸುತ್ತಾರೆ. ಮನೆಯಲ್ಲಿ ಸಾವಾದಾಗ ಒಂದರ ಹಿಂದೊಂದು ಎರಡು ಈಡು. ಗುಡ್ಡದಿಂದ ಗುಡ್ಡಕ್ಕೆ ಚದರಿದ ಒಂಟಿ ಮನೆಗಳ ನಾಡಿನಲ್ಲಿ ಇದಕ್ಕಿಂತ ಬೇಗ ತಲುಪುವ ಸುದ್ದಿ ಬೇರೆ ಯಾವುದಿತ್ತು? ಒಂದು ಸದ್ದು ಕೇಳಿದರೆ ಸಂತೋಷ. ಎರಡು ಕೇಳಿದರೆ ಕೈಯ ಕೆಲಸ ಬಿಟ್ಟು ಆ ದಿಕ್ಕಿಗೆ ಹೊರಡಬೇಕು. ಪುತ್ತರಿಯ ಇರುಳು ಹೊಸ ಕದಿರು ಕೊಯ್ಯುವಾಗಲೂ ಕೋವಿಯ ಸದ್ದು ಮೊಳಗುತ್ತದೆ.

ಕೈಲ್ ಪೊಳ್ದ್ ಎಂಬುದು ಆಯುಧಗಳ ಹಬ್ಬ. ಸಾಮಾನ್ಯವಾಗಿ ಸೆಪ್ಟೆಂಬರ್ ೩ರಂದು ಅದು ಬರುತ್ತದೆ. ಆಗ ಗದ್ದೆಯ ನಾಟಿ ಮುಗಿದಿರುತ್ತದೆ. ನಾಟಿಯ ದಿನಗಳಲ್ಲಿ ಬದಿಗಿಟ್ಟಿದ್ದ ಕೋವಿ, ಒಡಿಕತ್ತಿ, ಪೀಚೆಕತ್ತಿಗಳನ್ನು ತೆಗೆದು ಶುಚಿ ಮಾಡಿ, ಮನೆಯ ದೀಪದ ಮುಂದೆ ಇರಿಸಿ, ಗಂಧ ಹಚ್ಚಿ ಹೂ ಮುಡಿಸುತ್ತಾರೆ. ಆ ಹೂವು ಯಾವುದೆಂದರೆ, ಮಳೆಗಾಲದಲ್ಲಿ ಬೇಲಿಗಳ ಮೇಲೆ ಕೆಂಪು ಹಳದಿ ಉರಿಯ ನಾಲಗೆಯಂತೆ ಅರಳುವ ಅಗ್ನಿಶಿಖೆ. ಕೊಡವ ಭಾಷೆಯಲ್ಲಿ ಅದರ ಹೆಸರೇ ‘ತೋಕ್ ಪೂ’, ಕೋವಿಯ ಹೂವು. ಪೂಜೆಯಾದ ಮೇಲೆ ಕಡಂಬುಟ್ಟು, ಪಂದಿಕರಿಗಳ ಊಟ. ಆಮೇಲೆ ಎತ್ತರದ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುವ ಪಂದ್ಯ.

ಈ ಹಬ್ಬದಲ್ಲಿ ಒಂದು ಜಾಣತನ ಅಡಗಿದೆ. ಮಳೆಯ ತಿಂಗಳುಗಳಲ್ಲಿ ಕಬ್ಬಿಣಕ್ಕೆ ತುಕ್ಕು ಹಿಡಿಯದೆ ಇರದು. ಮಳೆ ಇಳಿಮುಖವಾಗುವ ಹೊತ್ತಿಗೆ ಪ್ರತಿಯೊಂದು ಮನೆಯ ಪ್ರತಿಯೊಂದು ಕೋವಿಯೂ ಹೊರಗೆ ಬಂದು, ಒಬ್ಬರ ಕೈಯಲ್ಲಿ ತಿಕ್ಕಿಸಿಕೊಂಡು, ಎಣ್ಣೆ ಕಾಣಲೇಬೇಕೆಂಬ ಕಟ್ಟಳೆ ಅದು. ಪೂಜೆಯೆಂದರೆ ಇಲ್ಲಿ ಅರ್ಧ ಭಕ್ತಿ, ಅರ್ಧ ಪಾಲನೆ. ಕೊಡಗಿನ ಎಷ್ಟೋ ಹಳೆಯ ಕೋವಿಗಳು ಇಂದಿಗೂ ಗಟ್ಟಿಯಾಗಿರುವುದಕ್ಕೆ ಈ ಕಟ್ಟಳೆಯೂ ಒಂದು ಕಾರಣವೆನ್ನಬೇಕು.

ರೈತನ ಕಾವಲುಗಾರ

ಕೊಡಗಿನ ಹೊರಗೆ ಕೇಪಿನ ಕೋವಿ ಬದುಕಿದ್ದು ಬೆಳೆಯ ಕಾವಲಿನಿಂದ. ಎನ್‌ಫೀಲ್ಡ್ ರೈಫಲುಗಳ ಬುಡವನ್ನು ಕೊಯ್ದು ಹಿಂದಿನಿಂದ ತೋಟಾ ತುಂಬುವಂತೆ ಮಾರ್ಪಡಿಸುವ ಕೆಲಸ ೧೮೬೬ರಲ್ಲಿಯೇ ಇಂಗ್ಲೆಂಡಿನಲ್ಲಿ ಮೊದಲಾಯಿತು. ದಂಡಿನವರು ಬಿಟ್ಟ ಪದ್ಧತಿಯನ್ನು ರೈತ ಹಿಡಿದುಕೊಂಡನು. ಬೆಲೆ ಕಡಿಮೆ, ಬೇಕಾದ ಸಾಮಗ್ರಿಯೂ ಕಡಿಮೆ. ೧೯೫೯ರ ಕಾಯಿದೆಯಲ್ಲಿಯೂ, ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬುವ ಕೋವಿಯನ್ನು ಕೇಳುವ ರೈತನಿಗಾಗಿ ವಿಶೇಷವಾದ ಮಾತೊಂದಿದೆ. ನಿಷೇಧಕ್ಕೆ ಬೇರೆ ಕಾರಣಗಳಿಲ್ಲದಿದ್ದರೆ ಅಂಥವನಿಗೆ ಪರವಾನಗಿ ಕೊಡತಕ್ಕದ್ದೆಂದು ಅದು ಹೇಳುತ್ತದೆ. ಪಿಸ್ತೂಲು ರೈಫಲುಗಳನ್ನು ಕೇಳುವವನು ತನಗೆ ಅದು ಏಕೆ ಬೇಕೆಂದು ಅಧಿಕಾರಿಗೆ ಮನದಟ್ಟು ಮಾಡಬೇಕು. ಗದ್ದೆ ಕಾಯುವವನ ಕೇಪಿನ ಕೋವಿಯನ್ನು ಕಾಯಿದೆ ಬೇರೆ ತೂಕದಲ್ಲಿ ತೂಗಿದೆ.

೧೯೭೨ರ ವನ್ಯಜೀವಿ ರಕ್ಷಣೆಯ ಕಾಯಿದೆ ಬಂದ ಮೇಲೆ ಬೇಟೆಯ ಕಾಲ ಮುಗಿಯಿತು. ಅದು ಮುಗಿದದ್ದು ಒಳ್ಳೆಯದೇ ಆಯಿತು. ನಮ್ಮ ಕಾಡುಗಳಲ್ಲಿ ಹುಲಿ ಕಡವೆಗಳು ಉಳಿದಿರುವುದು ಅದರಿಂದ. ಕೋವಿಗೆ ಪರವಾನಗಿ ಇದ್ದ ಮಾತ್ರಕ್ಕೆ ಪ್ರಾಣಿಯನ್ನು ಕೊಲ್ಲುವ ಹಕ್ಕು ಬರುವುದಿಲ್ಲ. ಆದರೂ ತೆನೆ ಕಟ್ಟಿದ ಭತ್ತಕ್ಕೆ ರಾತ್ರಿ ಹಂದಿಯ ಹಿಂಡು ನುಗ್ಗಿದಾಗ, ಎಳನೀರಿಗೆ ಹಗಲು ಮಂಗಗಳು ಲಗ್ಗೆಯಿಟ್ಟಾಗ, ಗುಂಡಿಲ್ಲದ ಒಂದು ಹುಸಿ ಈಡಿನ ಸದ್ದೇ ಎಷ್ಟೋ ಸಲ ಸಾಕಾಗುತ್ತದೆ. ಕೊಲ್ಲುವ ಯಂತ್ರವಾಗಿ ಹುಟ್ಟಿದ್ದು ಮುಪ್ಪಿನಲ್ಲಿ ಗದ್ದಲ ಮಾಡುವ ಮುದುಕನಾಗಿದೆ.

ಈ ಕಾವಲುಗಾರನಿಗೆ ಆಗಾಗ ಠಾಣೆವಾಸವೂ ತಪ್ಪುವುದಿಲ್ಲ. ಚುನಾವಣೆ ಬಂದಾಗ ಪರವಾನಗಿಯ ಕೋವಿಗಳನ್ನು ಠಾಣೆಯಲ್ಲಿ ಇಡುವಂತೆ ಆದೇಶ ಹೊರಡುವುದುಂಟು. ಶಾಂತಿಯ ದೃಷ್ಟಿಯಿಂದ ಅದಕ್ಕೆ ಅರ್ಥವಿದೆ. ಆದರೆ ಹಂದಿಗೂ ಮಂಗಕ್ಕೂ ಚುನಾವಣೆಯ ಪರಿವೆ ಇಲ್ಲವೆಂದು ರೈತರು ಗೊಣಗುವುದರಲ್ಲಿಯೂ ಅರ್ಥವಿದೆ. ಹಾಗೆ ಹೋದ ಕೋವಿ ತಿಂಗಳುಗಟ್ಟಲೆ ಒರೆಸುವವರಿಲ್ಲದೆ ನಿಂತು ಹಿಂದಿರುಗಿದಾಗ ನಳಿಗೆಯೊಳಗೆ ಬೆರಳು ಆಡಿಸಿದರೆ ಕೆಂಪು ಪುಡಿ ಅಂಟುತ್ತದೆ.

ಬಿಸಿನೀರಿನ ಅಭ್ಯಂಜನ

ತುಕ್ಕಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕಾಗಿದೆ. ಏಕೆಂದರೆ ಕೇಪಿನ ಕೋವಿಯ ಆಯುಷ್ಯವೆಲ್ಲ ಇಲ್ಲಿಯೇ ಇದೆ.

ಕರಿಮದ್ದಿನಲ್ಲಿ ಸುಮಾರು ಮುಕ್ಕಾಲು ಪಾಲು ಪೆಟ್ಲುಪ್ಪು. ಉಳಿದದ್ದು ಇದ್ದಿಲು ಮತ್ತು ಗಂಧಕ. ಅದು ಸುಟ್ಟಾಗ ಎಲ್ಲವೂ ಹೊಗೆಯಾಗಿ ಹೋಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಭಾಗ ಘನರೂಪದ ಮಸಿಯೂ ಕ್ಷಾರವೂ ಆಗಿ ಉಳಿಯುತ್ತದೆ. ಅದರಲ್ಲಿ ಕೆಲವು ಪಾಲು ನಳಿಗೆಯ ಒಳಮೈಗೆ ಅಂಟಿಕೊಳ್ಳುತ್ತದೆ. ಈ ಕ್ಷಾರಗಳಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಹಳೆಯ ಬಗೆಯ ಕೇಪುಗಳು ಸಿಡಿದಾಗ ಉಳಿಯುವ ಲವಣವೂ ಅದರೊಡನೆ ಸೇರುತ್ತದೆ. ಮಳೆನಾಡಿನ ಗಾಳಿಯಲ್ಲಿ ಇದಕ್ಕಿಂತ ಹೆಚ್ಚೇನು ಬೇಕು? ಈಡು ಹೊಡೆದ ಕೋವಿಯನ್ನು ಹಾಗೆಯೇ ಮೂಲೆಗಿಟ್ಟರೆ ಮಾರನೆಯ ದಿನವೇ ತುಕ್ಕು ಕಾಣಿಸಿಕೊಳ್ಳಬಹುದು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. ಕಬ್ಬಿಣಕ್ಕೆ ನೀರು ಶತ್ರುವೆಂದು ಬಗೆದು ಎಣ್ಣೆಯನ್ನೋ ಸೀಮೆಎಣ್ಣೆಯನ್ನೋ ಮಾತ್ರ ಹಚ್ಚಿ ಒರೆಸುತ್ತಾರೆ. ಎಣ್ಣೆಯಲ್ಲಿ ಕ್ಷಾರ ಕರಗುವುದಿಲ್ಲ; ಎಣ್ಣೆಯ ಪದರದ ಅಡಿಯಲ್ಲಿ ಅದು ತನ್ನ ಕೆಲಸವನ್ನು ನಡೆಸಿಯೇ ನಡೆಸುತ್ತದೆ. ಕ್ಷಾರವನ್ನು ಕರಗಿಸುವುದು ನೀರು. ಅದರಲ್ಲಿಯೂ ಬಿಸಿನೀರಾದರೆ ಮಸಿ ಬೇಗ ಬಿಡುತ್ತದೆ. ಕಾದ ಕಬ್ಬಿಣ ತಾನಾಗಿ ಬೇಗ ಒಣಗುತ್ತದೆ. ಕೋವಿ ಖಾಲಿಯಿದೆಯೆಂದು ಖಚಿತವಾದ ಮೇಲೆ, ನಿಪ್ಪಲನ್ನು ತಿರುಗಿಸಿ ತೆಗೆದು, ನಳಿಗೆಗೆ ಬಿಸಿನೀರು ಹೊಯ್ದು, ಗಜದ ತುದಿಗೆ ಬಟ್ಟೆ ಸುತ್ತಿ ಮೇಲೆ ಕೆಳಗೆ ಆಡಿಸಬೇಕು. ಮೊದಲು ಶಾಯಿಯಂಥ ನೀರು ಬರುತ್ತದೆ, ಆಮೇಲೆ ಬೂದಿಯ ಬಣ್ಣದ್ದು, ಕಡೆಗೆ ತಿಳಿನೀರು. ತಿಳಿನೀರು ಬಂದ ಮೇಲೆ ಒಣಬಟ್ಟೆ, ಅದಾದ ಮೇಲೆ ತೆಳುವಾಗಿ ಎಣ್ಣೆ. ಮೊದಲು ಸ್ನಾನ, ಆಮೇಲೆ ಎಣ್ಣೆ. ನಮ್ಮ ದೀಪಾವಳಿಯ ಅಭ್ಯಂಜನದ ಕ್ರಮವನ್ನು ತಿರುಗಿಸಿದಂತೆ ಎಂದು ನೆನಪಿಟ್ಟರೆ ಮರೆಯದು.

ಒಳಗೇನಿದೆ?

ಶುಚಿ ಮಾಡುವುದಕ್ಕೂ ಮೊದಲು ಇನ್ನೊಂದು ಎಚ್ಚರ ಬೇಕು. ಅಟ್ಟದಿಂದ ಇಳಿಸಿದ ಹಳೆಯ ಕೋವಿ ಖಾಲಿಯಿದೆ ಎಂದು ಎಂದಿಗೂ ನಂಬಬಾರದು. ತೋಟಾ ಕೋವಿಯನ್ನು ಬಾಗಿಸಿ ನೋಡಿದರೆ ತಿಳಿಯುತ್ತದೆ. ಬಾಯಿಂದ ತುಂಬಿದ್ದು ಹೊರಗಿನಿಂದ ಕಾಣುವುದಿಲ್ಲ. ಅಜ್ಜನು ಯಾವುದೋ ರಾತ್ರಿ ಹಂದಿಗೆಂದು ತುಂಬಿ, ಹಂದಿ ಬಾರದೆ, ಕೇಪನ್ನು ಮಾತ್ರ ತೆಗೆದು ಗೂಟಕ್ಕೆ ಏರಿಸಿದ್ದಿರಬಹುದು. ಒಣಗಿದ ಕರಿಮದ್ದು ಹತ್ತಾರು ವರ್ಷವಾದರೂ ಹೊತ್ತಿಕೊಳ್ಳಬಲ್ಲದು.

ತುಂಬಿದ ಮೇಲೆ ಮರೆಯುವುದು ಎಷ್ಟು ಸುಲಭವೆಂಬುದಕ್ಕೆ ಅಮೆರಿಕದ ಅಂತರ್ಯುದ್ಧ ಸಾಕ್ಷಿ ಹೇಳುತ್ತದೆ. ೧೮೬೩ರ ಗೆಟಿಸ್‌ಬರ್ಗ್ ಕದನ ಮುಗಿದ ಮೇಲೆ ರಣರಂಗದಿಂದ ಆಯ್ದು ತಂದ ಸುಮಾರು ೨೭,೦೦೦ ಕೋವಿಗಳಲ್ಲಿ ೨೪,೦೦೦ ತುಂಬಿದಂತೆಯೇ ಇದ್ದುವೆಂದು ಲೆಕ್ಕ ಬರೆದಿದ್ದಾರೆ. ಅವುಗಳಲ್ಲಿ ಅರ್ಧದಷ್ಟು ಕೋವಿಗಳಲ್ಲಿ ಎರಡೆರಡು ಈಡು. ಒಂದರಲ್ಲಿಯಂತೂ ಒಂದರ ಮೇಲೊಂದರಂತೆ ೨೩ ಈಡು. ಗದ್ದಲದಲ್ಲಿ ತನ್ನ ಕೋವಿ ಸಿಡಿಯಿತೋ ಇಲ್ಲವೋ ತಿಳಿಯದೆ ಆ ಸಿಪಾಯಿ ತುಂಬುತ್ತಲೇ ಹೋಗಿದ್ದನು!

ಪರೀಕ್ಷಿಸುವ ಬಗೆ ಸರಳ. ಬಾಯನ್ನು ತನ್ನ ಕಡೆಗೂ ಇತರರ ಕಡೆಗೂ ತಿರುಗಿಸದೆ, ಗಜವನ್ನು ಒಳಗೆ ಇಳಿಬಿಟ್ಟು, ಬಾಯಿಯ ಅಂಚಿಗೆ ಸರಿಯಾಗಿ ಬೆರಳಿಟ್ಟು ಗುರುತು ಮಾಡಬೇಕು. ಹೊರಗೆ ತೆಗೆದು ನಳಿಗೆಯ ಪಕ್ಕದಲ್ಲಿ ಹಿಡಿದರೆ ಗಜದ ತುದಿ ನಿಪ್ಪಲ್ಲಿನ ಬಳಿಗೆ ಬರಬೇಕು. ನಾಲ್ಕು ಬೆರಳು ಮೊದಲೇ ನಿಂತರೆ ಒಳಗೆ ಏನೋ ಇದೆ. ಅದನ್ನು ಕೆದಕಿ ತೆಗೆಯುವ ಸಾಹಸಕ್ಕೆ ಮನೆಯವರು ಕೈಹಾಕಕೂಡದು. ಪರವಾನಗಿ ಇರುವ ಕೋವಿಯ ಅಂಗಡಿಯವನಿಗೋ ಠಾಣೆಗೋ ತಿಳಿಸಬೇಕು.

ಕಮ್ಮಾರನ ಕೈ

ಇನ್ನು ರಿಪೇರಿಯ ಮಾತು. ಕೇಪಿನ ಕೋವಿಯಲ್ಲಿ ಕೆಡುವ ಭಾಗಗಳು ಬಹಳವಿಲ್ಲ. ಬಡಿತ ತಿಂದು ನಿಪ್ಪಲ್ ಚಪ್ಪಟೆಯಾಗುತ್ತದೆ. ಅದರ ತೂತು ಮಸಿಯಿಂದ ಕಟ್ಟುತ್ತದೆ. ಕುದುರೆಯನ್ನು ಎಳೆದು ಬಿಡುವ ಸ್ಪ್ರಿಂಗು ಮುರಿಯುತ್ತದೆ, ಇಲ್ಲವೆ ಸೋಲುತ್ತದೆ. ಒಳಗಿನ ಕಚ್ಚು ಸವೆದರೆ ಎಳೆದು ನಿಲ್ಲಿಸಿದ ಕುದುರೆ ನಿಲ್ಲದೆ ಜಾರುತ್ತದೆ. ಇದೇ ಎಲ್ಲಕ್ಕಿಂತ ಅಪಾಯದ ದೋಷ; ನೆಲಕ್ಕೆ ಕುಟ್ಟಿದರೆ ಸಿಡಿಯುವ ಕೋವಿಗಳ ಕಥೆಯೆಲ್ಲ ಇದರದೇ. ಹಿಡಿಯ ಮರಕ್ಕೆ ಕುತ್ತಿಗೆಯ ಬಳಿ ಬಿರುಕು ಬರುತ್ತದೆ. ಇವೆಲ್ಲವನ್ನೂ ಕುಶಲನಾದವನು ಸರಿಪಡಿಸಬಲ್ಲನು. ಒಂದು ಸ್ಪ್ರಿಂಗನ್ನು ಹೊಸದಾಗಿ ಮಾಡುವುದೆಂದರೆ ಉಕ್ಕನ್ನು ಕಾಯಿಸಿ, ಬಗ್ಗಿಸಿ, ಹದ ಕೊಟ್ಟು, ಮತ್ತೆ ಹದವನ್ನು ಇಳಿಸಬೇಕು. ಹದ ಹೆಚ್ಚಾದರೆ ಗಾಜಿನಂತೆ ಒಡೆಯುತ್ತದೆ. ಕಡಿಮೆಯಾದರೆ ತಂತಿಯಂತೆ ಬಾಗಿಯೇ ಉಳಿಯುತ್ತದೆ. ಉಕ್ಕಿನ ಮೈಮೇಲೆ ಓಡುವ ಬಣ್ಣವನ್ನು ನೋಡಿಯೇ ಹದವನ್ನು ಅರಿಯಬಲ್ಲ ಕಣ್ಣು ಪುಸ್ತಕದಿಂದ ಬರುವುದಲ್ಲ.

ಆದರೆ ನಳಿಗೆಯೇ ಒಳಗೆ ತಿಂದುಹೋಗಿದ್ದರೆ, ಉಬ್ಬಿದ್ದರೆ, ಸೀಳಿದ್ದರೆ ಅದಕ್ಕೆ ಮದ್ದಿಲ್ಲ. ಬೆಸುಗೆ ಹಾಕಿ ಮುಚ್ಚಿದ ನಳಿಗೆ ಹೊಡೆಯುವವನ ಮುಖದ ಮುಂದೆಯೇ ಸಿಡಿಯುತ್ತದೆ. ಹಾಗೆಯೇ ೧೮೮೦ರ ದಶಕದಲ್ಲಿ ಬಂದ ಹೊಗೆಯಿಲ್ಲದ ಹೊಸ ಮದ್ದನ್ನು ಕರಿಮದ್ದಿನ ಕೋವಿಗೆ ಹಾಕುವುದೆಂದರೆ ಸಾವನ್ನು ಕರೆದಂತೆ. ಅದರ ಒತ್ತಡವನ್ನು ಈ ಹಳೆಯ ನಳಿಗೆಗಳು ತಡೆಯಲಾರವು.

ನಮ್ಮಲ್ಲಿ ಈ ಕೆಲಸವನ್ನು ಊರಿನ ಕಮ್ಮಾರ ಆಚಾರಿಗಳು ಬಲ್ಲವರಾಗಿದ್ದರು. ಆದರೆ ೧೯೫೯ರ ಕಾಯಿದೆಯ ಪ್ರಕಾರ ಕೋವಿ ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಪರವಾನಗಿ ಬೇಕು. ಕದ್ದು ಮಾಡುವ ಕೋವಿಗಳಿಂದ ಆಗುವ ಅನಾಹುತವನ್ನು ನೆನೆದರೆ ಈ ನಿಯಮ ತಪ್ಪೆನ್ನುವಂತಿಲ್ಲ. ಅದರ ಫಲವಾಗಿ ಊರಿನ ಕುಲುಮೆಗೆ ಆ ಕೆಲಸ ನಿಷಿದ್ಧವಾಯಿತು. ಪರವಾನಗಿಯ ಅಂಗಡಿಗಳಿರುವುದು ಪಟ್ಟಣಗಳಲ್ಲಿ, ಅವುಗಳಲ್ಲಿ ನಡೆಯುವುದು ಬಹುಮಟ್ಟಿಗೆ ತೋಟಾ ಕೋವಿಯ ವ್ಯಾಪಾರ. ಕೋವಿಯ ಕೆಲಸಕ್ಕೆ ಹೆಸರಾದ ಬಿಹಾರದ ಮುಂಗೇರಿನಂಥ ಊರು ನಮಗೆ ದೂರ. ಹೀಗೆ ಹಳೆಯ ಕೋವಿ ಉಳಿದಿದೆ, ಅದರ ವೈದ್ಯ ಅಳಿಯುತ್ತಿದ್ದಾನೆ. ಹಳೆಯ ವಿದ್ಯೆಯುಳ್ಳ ಕುಶಲರಿಗೆ ಕಟ್ಟುನಿಟ್ಟಾದ ತಪಾಸಣೆಯ ಅಡಿಯಲ್ಲಿ ರಿಪೇರಿಯ ಪರವಾನಗಿ ದೊರೆಯುವಂತಾದರೆ, ಜೀವಕ್ಕೂ ಕ್ಷೇಮ, ವಿದ್ಯೆಗೂ ಕ್ಷೇಮ.

ಹೊಳೆಯುವುದೆಲ್ಲ ಚೆಲುವಲ್ಲ

ಹಳೆಯ ಕೋವಿಯ ಮೈಯನ್ನು ಓದಲು ಕಲಿತರೆ ಅದೊಂದು ಶಾಸನವೇ ಆಗುತ್ತದೆ. ಕುದುರೆಯ ಪಕ್ಕದ ತಗಡಿನ ಮೇಲೆ ಹೃದಯದ ಆಕಾರದೊಳಗೆ ನಾಲ್ಕು ಅಕ್ಷರಗಳಿದ್ದರೆ ಅದು ಈಸ್ಟ್ ಇಂಡಿಯಾ ಕಂಪೆನಿಯ ಮೊದಲ ಕಾಲದ್ದು. ಹಿಂಗಾಲ ಮೇಲೆ ನಿಂತ ಸಿಂಹವಿದ್ದರೆ ಅದೇ ಕಂಪೆನಿಯ ಅನಂತರದ ಕಾಲದ್ದು. ನಳಿಗೆಯ ಬುಡದಲ್ಲಿ ಕಿರೀಟದ ಮುದ್ರೆಗಳಿದ್ದರೆ ಅದು ಲಂಡನ್ನಿನಲ್ಲಿಯೋ ಬರ್ಮಿಂಗ್‌ಹ್ಯಾಮಿನಲ್ಲಿಯೋ ಪರೀಕ್ಷೆಯಾಗಿ ಬಂದಿರಬಹುದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕೋವಿಗಾರರು ಮಾಡಿದ ಚಕಮಕಿಯ ಕೋವಿಗಳಲ್ಲಿ ಹುಲಿಯ ಪಟ್ಟೆಯ ಚಿತ್ತಾರವಿರುತ್ತದೆ. ೧೭೯೯ರ ಪತನದ ಅನಂತರ ಅವುಗಳಲ್ಲಿ ಚೆಲುವಾದವು ಹಡಗನ್ನೇರಿ ಇಂಗ್ಲೆಂಡಿನ ಅರಮನೆಯ ಸಂಗ್ರಹವನ್ನು ಸೇರಿದವು.

ಇಂಥ ಗುರುತುಗಳನ್ನು ಅಳಿಸುವವರು ಕಳ್ಳರಲ್ಲ, ಅತಿ ಉತ್ಸಾಹದ ಮನೆಯವರೇ. ಹಬ್ಬಕ್ಕೆ ಹಿತ್ತಾಳೆಯ ಪಾತ್ರೆ ಬೆಳಗಿದಂತೆ ಮರಳುಕಾಗದದಿಂದ ನಳಿಗೆಯನ್ನು ಉಜ್ಜಿ ಬೆಳ್ಳಿಯಂತೆ ಹೊಳೆಯಿಸುತ್ತಾರೆ. ಆ ನಳಿಗೆಯ ಕಂದು ಬಣ್ಣ ಎಷ್ಟೋ ಸಲ ಕೊಳೆಯಲ್ಲ. ಕೆಂಪು ತುಕ್ಕು ಹತ್ತದಿರಲೆಂದು ಮಾಡಿದವನೇ ಹದವಾಗಿ ಬರಿಸಿದ ಲೇಪ. ಅದು ಹೋದರೆ ಮುದ್ರೆಯೂ ಹೋಯಿತು, ರಕ್ಷೆಯೂ ಹೋಯಿತು, ಸಂಗ್ರಾಹಕರ ಕಣ್ಣಿನಲ್ಲಿ ಬೆಲೆಯೂ ಹೋಯಿತು. ಪುಡಿಯಾಗಿ ಉದುರುವ ಕೆಂಪು ತುಕ್ಕನ್ನು ಎಣ್ಣೆಯ ಬಟ್ಟೆಯಿಂದ ತಾಳ್ಮೆಯಾಗಿ ತೆಗೆಯಬೇಕು. ಗಟ್ಟಿಯಾಗಿ ಕುಳಿತ ಕಂದನ್ನು ಮುಟ್ಟಬಾರದು.

ಸಂಗ್ರಹಿಸುವ ಹವ್ಯಾಸವುಳ್ಳವರು ಇನ್ನೊಂದು ಸಂಗತಿಯನ್ನು ಮರೆಯಬಾರದು. ೨೦೧೯ರ ತಿದ್ದುಪಡಿಯ ಅನಂತರ ಸಾಮಾನ್ಯವಾಗಿ ಒಬ್ಬರು ಎರಡಕ್ಕಿಂತ ಹೆಚ್ಚು ಕೋವಿಗಳನ್ನು ಹೊಂದುವಂತಿಲ್ಲ. ಪಿತ್ರಾರ್ಜಿತವೆಂದರೂ ಆ ಮಿತಿ ತಪ್ಪದು. ರಿಪೇರಿ ಮಾಡಿದರೂ ಮಾಡದಿದ್ದರೂ ಎಂದಿಗೂ ಸಿಡಿಯಲಾರದಂಥ ಪುರಾತನ ವಸ್ತುವಿಗೆ ಕಾಯಿದೆ ವಿನಾಯಿತಿ ಕೊಟ್ಟಿದೆ. ಆದರೆ ನಿಮ್ಮ ಮನೆಯದು ಆ ಬಗೆಯದೇ ಎಂದು ನೀವೇ ತೀರ್ಮಾನಿಸುವುದು ಕ್ಷೇಮವಲ್ಲ.

ಪಾಲಿನ ಪ್ರಶ್ನೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಪರವಾನಗಿ ಇದ್ದವರು ತೀರಿಕೊಂಡರೆ ಕೋವಿ ತಾನಾಗಿ ಮಕ್ಕಳದಾಗುವುದಿಲ್ಲ. ವಿಳಂಬ ಮಾಡದೆ ಅದನ್ನು ಹತ್ತಿರದ ಠಾಣೆಯಲ್ಲಿಯೋ ಪರವಾನಗಿಯ ಅಂಗಡಿಯಲ್ಲಿಯೋ ಇರಿಸಿ ರಸೀತಿ ಪಡೆಯಬೇಕು. ಮನೆಯವರಲ್ಲಿ ಒಬ್ಬರು ತಮ್ಮ ಹೆಸರಿಗೆ ಪರವಾನಗಿ ಕೇಳಿ ಅರ್ಜಿ ಹಾಕಬೇಕು. ಆ ಒಬ್ಬರು ಯಾರೆಂಬುದೇ ಮುಖ್ಯ. ಹಿರಿಯ ಮಗನೆಂಬ ಕಾರಣಕ್ಕೆ ಬೆಂಗಳೂರಿನ ಮೂರನೆಯ ಮಹಡಿಯವನ ಹೆಸರಿಗೆ ಮಾಡಿಸಿ, ಕೋವಿಯನ್ನು ಊರಿನ ಅಟ್ಟದಲ್ಲಿಯೇ ಬಿಡುವುದರಲ್ಲಿ ಅರ್ಥವಿಲ್ಲ; ಅದು ಕಾಯಿದೆಗೂ ಒಪ್ಪದು, ಕೋವಿಗೂ ಒಗ್ಗದು. ಗದ್ದೆ ತೋಟವನ್ನು ನೋಡಿಕೊಂಡು ಊರಿನಲ್ಲಿರುವವರು, ಗಂಡಾಗಲಿ ಹೆಣ್ಣಾಗಲಿ, ವರ್ಷಕ್ಕೆ ನಾಲ್ಕು ಸಲವಾದರೂ ಅದನ್ನು ಕೈಗೆತ್ತಿಕೊಂಡು ಒರೆಸಬಲ್ಲವರು ಅದಕ್ಕೆ ತಕ್ಕ ವಾರಸುದಾರರು. ಅಂಥವರು ಮನೆಯಲ್ಲಿ ಯಾರೂ ಇಲ್ಲವಾದರೆ, ಕಾಯಿದೆಯ ದಾರಿಯಲ್ಲಿ ಅದನ್ನು ಒಪ್ಪಿಸಿ ಕೈಮುಗಿಯುವುದೇ ಮೇಲು. ತುಕ್ಕು ಹಿಡಿಸಿ ಕೊಲ್ಲುವುದಕ್ಕಿಂತ ಅದು ಗೌರವದ ಬೀಳ್ಕೊಡುಗೆ.

ಯಾವುದನ್ನೇ ಮಾಡಿದರೂ ಒಂದು ಕೆಲಸವನ್ನು ಮೊದಲು ಮಾಡಬೇಕು. ಕೋವಿಯ ಮೈಮೇಲಿನ ಗುರುತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಅದು ಮನೆಗೆ ಯಾವಾಗ ಬಂತು, ಯಾರು ತಂದರು, ಯಾವ ಹುಟ್ಟಿಗೆ, ಯಾವ ಸಾವಿಗೆ, ಯಾವ ಹಬ್ಬಕ್ಕೆ ಸದ್ದು ಮಾಡಿತು ಎಂಬುದನ್ನು ಬಲ್ಲ ಹಿರಿಯರನ್ನು ಕೇಳಿ ಬರೆದುಕೊಳ್ಳಬೇಕು. ಕಬ್ಬಿಣವನ್ನು ಎಣ್ಣೆ ಕಾಯುತ್ತದೆ. ಕಥೆಯನ್ನು ಕಾಯುವುದಕ್ಕೆ ಅಕ್ಷರವೇ ಬೇಕು. ಕೋವಿ ಠಾಣೆ ಸೇರಿದ ಮೇಲೂ ಆ ಪುಸ್ತಕ ಮನೆಯಲ್ಲಿಯೇ ಇರುತ್ತದೆ. ಅದಕ್ಕೆ ಯಾರ ಪರವಾನಗಿಯೂ ಬೇಕಾಗಿಲ್ಲ.